ಬ್ರುನ್ಸ್‌ಲಿ ಬೆಂದಿತೆಂಬುದಕ್ಕೆ ಪ್ರಮಾಣವೇನು?

ದೋಸೆ ಬೆಂದಿತೇ ಇಲ್ಲವೇ ಎಂಬುದು ನಮ್ಮ ನಾಡಿನಲ್ಲಿ ಯಾವತ್ತೂ ತಾತ್ತ್ವಿಕ ಸಮಸ್ಯೆಯಾಗಿಲ್ಲ. ಅಂಚು ಏಳುತ್ತದೆ, ತಳ ಕೆಂಪಗಾಗುತ್ತದೆ, ಕಾವಲಿಯ ಮುಂದೆ ನಿಂತವರು ಮಗುಚುತ್ತಾರೆ. ಶಾಸ್ತ್ರಕ್ಕೆ ಅಲ್ಲಿ ಕೆಲಸವಿಲ್ಲ. ಕಂದಾದರೆ ಬೆಂದಿತು, ಕಪ್ಪಾದರೆ ಸೀದಿತು ಎಂಬ ಈ ಒಂದೇ ಸೂತ್ರದ ಮೇಲೆ ರೊಟ್ಟಿ, ಒಬ್ಬಟ್ಟು, ಕಜ್ಜಾಯಗಳೆಲ್ಲ ನೆಮ್ಮದಿಯಾಗಿ ಬಾಳುತ್ತಿವೆ. ಆದರೆ ಹಸಿಯಾಗಿರುವಾಗಲೇ ಕಂದಗಿರುವ ಪದಾರ್ಥ ಒಲೆಯೊಳಗೆ ಹೋದರೆ ಏನು ಗತಿ? ಹೋಗುವಾಗಲೂ ಕಂದು, ಬರುವಾಗಲೂ ಕಂದು. ಈ ಪ್ರಶ್ನೆಯನ್ನು ನ್ಯಾಯಸೂತ್ರದ ಗೌತಮರೂ ಎತ್ತಿಲ್ಲ, ಮೀಮಾಂಸಾಸೂತ್ರದ ಜೈಮಿನಿಯೂ ಎತ್ತಿಲ್ಲ. ಅವರ ಕಾಲಕ್ಕೆ ಕೋಕೊ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿತ್ತು ಎಂಬುದನ್ನು ಗಮನಿಸಿ ಅವರನ್ನು ಮನ್ನಿಸಬಹುದು. ಪ್ರಸ್ತುತ ಪ್ರಬಂಧ ಆ ಲೋಪವನ್ನು ತುಂಬುವುದಕ್ಕಾಗಿ ಹೊರಟಿದೆ.

ಮೊದಲು ವಿಷಯನಿರ್ದೇಶ. ಬ್ರುನ್ಸ್‌ಲಿ ಎಂಬುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಸೇರಿದ, ಕ್ರಿಸ್‌ಮಸ್ ಹೊತ್ತಿನಲ್ಲಿ ಮನೆಮನೆಯಲ್ಲಿ ಮಾಡುವ ಮಸಾಲೆಯ ಚಾಕೊಲೇಟ್ ಕುಕೀ. ಸಿಪ್ಪೆಸಮೇತ ಪುಡಿಮಾಡಿದ ಬಾದಾಮಿ, ಸಕ್ಕರೆ, ಕಪ್ಪು ಚಾಕೊಲೇಟು, ಮೊಟ್ಟೆಯ ಬಿಳಿ, ಚಕ್ಕೆ, ಲವಂಗ, ಮೇಲೊಂದಿಷ್ಟು ಕಿರ್ಶ್, ಅಂದರೆ ಚೆರ್ರಿಯಿಂದ ಬಟ್ಟಿ ಇಳಿಸಿದ ಮದ್ಯ. ಮೈದಾ ಇಲ್ಲ. ಹಿಟ್ಟಿನ ಬದಲು ಸಕ್ಕರೆ ಉದುರಿಸಿದ ಹಲಗೆಯ ಮೇಲೆ ಕಣಕವನ್ನು ಲಟ್ಟಿಸಿ, ನಕ್ಷತ್ರ, ಹೃದಯದ ಅಚ್ಚುಗಳಲ್ಲಿ ಕತ್ತರಿಸಿ, ಕೆಲವು ಗಂಟೆ ಹಾಗೆಯೇ ಆರಲು ಬಿಟ್ಟು, ಆಮೇಲೆ ಸ್ವಲ್ಪವೇ ಹೊತ್ತು ಕಾವು ತೋರಿಸುವುದು. ನಿಜ ಹೇಳಬೇಕೆಂದರೆ ಇದು ಬೇಯುವುದಕ್ಕಿಂತ ಒಣಗುವುದೇ ಹೆಚ್ಚು.

ಕನ್ನಡಿಗನಿಗೆ ಬಾಸೆಲ್‌ನ ಕುಕೀಯ ಮೇಲೆ ಯಾವ ಅಧಿಕಾರ ಎಂದು ಪೂರ್ವಪಕ್ಷಿ ಕೇಳಬಹುದು. ಉತ್ತರ ಇದು: ಆ ಊರಿನ ಕ್ರೈಸ್ತ ಪ್ರಚಾರಕರಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಅವರಲ್ಲೊಬ್ಬನಾದ ಮ್ಯೋಗ್ಲಿಂಗ್ ನಮಗೆ ‘ಮಂಗಳೂರ ಸಮಾಚಾರ’ ಕೊಟ್ಟ, 1865ರಲ್ಲಿ ಹಂಚಿನ ಕಾರ್ಖಾನೆ ಬಂತು, 1894ರಲ್ಲಿ ಕಿಟೆಲ್‌ನ ನಿಘಂಟು ಬಂತು. ಪತ್ರಿಕೆ ಕೊಟ್ಟರು, ಹಂಚು ಕೊಟ್ಟರು, ನಿಘಂಟು ಕೊಟ್ಟರು. ಬ್ರುನ್ಸ್‌ಲಿ ಕೊಟ್ಟರೆಂದು ನಾನು ಯಾವ ಚರಿತ್ರೆಯಲ್ಲೂ ಓದಿಲ್ಲ. ಈ ಹಳೆಯ ಬಾಕಿಯನ್ನು ಬಾಸೆಲ್‌ನಲ್ಲಿ ಕೆಲವು ವರ್ಷ ಇದ್ದು ಬಂದ ನನ್ನ ಸೊಸೆ ಈಗ ಬೆಂಗಳೂರಿನಲ್ಲಿ ತೀರಿಸುತ್ತಿದ್ದಾಳೆ. ಹೆಚ್ಚು ಹೊತ್ತು ಒಲೆಯಲ್ಲಿ ಮರೆತ ಬ್ರುನ್ಸ್‌ಲಿಯನ್ನು ಕೈಯಲ್ಲಿ ಹಿಡಿದವರಿಗೆ ಆ ಊರಿನವರಿಗೆ ಹಂಚಿನ ಉದ್ಯಮ ಹೇಗೆ ಹೊಳೆಯಿತೆಂಬುದೂ ತಕ್ಕಮಟ್ಟಿಗೆ ಅರ್ಥವಾದೀತು.

ಇನ್ನು ದ್ರವ್ಯಗಳ ವಿಚಾರ. ಇಲ್ಲಿ ಮೀಮಾಂಸೆಯ ಪ್ರತಿನಿಧಿನ್ಯಾಯ ಬೇಕಾಗುತ್ತದೆ. ಯಜ್ಞಕ್ಕೆ ಭತ್ತ ಸಿಗದಿದ್ದರೆ ಕಾಡುಭತ್ತ, ಸೋಮ ಸಿಗದಿದ್ದರೆ ಪೂತೀಕ ಎಂದು ಅವರು ಎಂದೋ ತೀರ್ಮಾನಿಸಿದ್ದಾರೆ. ನಮ್ಮಾಕೆ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಬಿಳಿಯ ಜಾಗಕ್ಕೆ ಕಾಬೂಲಿ ಕಡಲೆ ಬೇಯಿಸಿದ ನೀರು ಬಂತು. ಅದನ್ನು ಕಡೆದರೆ ಮೊಟ್ಟೆಯ ಬಿಳಿಯ ಹಾಗೆಯೇ ನೊರೆ ಕಟ್ಟುತ್ತದೆ, ಕಾರಣ ಕಾಳಿನಿಂದ ನೀರಿಗಿಳಿದ ಪ್ರೋಟೀನು. ಬಾದಾಮಿಯ ಬೆಲೆ ನೋಡಿ ಅರ್ಧಪಾಲು ಗೋಡಂಬಿ ಚೂರು ಸೇರಿತು. ಚಾಕೊಲೇಟಿಗೆ ಮಾತ್ರ ನಾವು ಪ್ರತಿನಿಧಿ ಹುಡುಕಬೇಕಾಗಲಿಲ್ಲ: ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೇ ಕೋಕೊ ಬೆಳೆಯುತ್ತದೆ, ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಉಳಿದದ್ದು ಕಿರ್ಶ್. ಮುಖ್ಯದ್ರವ್ಯ ಸಿಗುವಂತಿರುವಾಗ ಪ್ರತಿನಿಧಿಯನ್ನು ತರುವುದು ಕರ್ಮಲೋಪ ಎಂದು ನಾನು ಶಾಸ್ತ್ರಾಧಾರ ಸಹಿತ ವಾದಿಸಿದೆ. ಮನ್ನಣೆ ಸಿಗಲಿಲ್ಲ. ಕಿತ್ತಳೆ ರಸ ಹಾಕಿದರು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪ್ರಮಾಣಗಳು, ಅಂದರೆ ಅರಿವಿನ ಸಾಧನಗಳು, ಎಷ್ಟೆಂಬ ವಿಷಯದಲ್ಲಿ ದಾರ್ಶನಿಕರಿಗೆ ಒಮ್ಮತವಿಲ್ಲ. ಚಾರ್ವಾಕನಿಗೆ ಒಂದು, ನೈಯಾಯಿಕನಿಗೆ ನಾಲ್ಕು, ಭಾಟ್ಟ ಮೀಮಾಂಸಕನಿಗೆ ಆರು. ಓವನ್ನಿನ ಮುಂದೆ ಕೂತವರಿಗೆ ಆರೂ ಸಾಲವು.

ಪ್ರತ್ಯಕ್ಷದ ಗತಿ ಆಗಲೇ ಹೇಳಿದ್ದಾಯಿತು. ಬೇಯುವಾಗ ತಿಂಡಿ ಕಂದುಬಣ್ಣಕ್ಕೆ ತಿರುಗುವುದರ ಹಿಂದೆ ಅಮೈನೊ ಆಮ್ಲಗಳೂ ಸಕ್ಕರೆಗಳೂ ಕಾವಿನಲ್ಲಿ ಕೂಡುವ ಕ್ರಿಯೆ ಇದೆ; ಆ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀ ಮಯಾರ್ ವಿವರಿಸಿದ. ಕೋಕೊ ಬೀಜದ ಮಟ್ಟಿಗೆ ಆ ವ್ಯವಹಾರ ಹುರಿಯುವಾಗಲೇ ಒಮ್ಮೆ ಮುಗಿದಿರುತ್ತದೆ. ಒಲೆಯೊಳಗೆ ಇನ್ನೊಮ್ಮೆ ನಡೆದರೂ ಕಪ್ಪು ಕಂಬಳಿಯೊಳಗೆ ನಡೆದ ಹಾಗೆ, ನೋಡುವವರಿಗೆ ಏನೂ ತೋರದು. ಅದರ ಮೇಲೆ ಓಟಿಜಿ ಓವನ್ನಿನ ಕಂಬಿಗಳ ಕೆಂಪು ಬೆಳಕು ಬೇರೆ. ಆ ಬೆಳಕಿನಲ್ಲಿ ಹಸಿ ಕಣಕವೂ ಪರಿಪಕ್ವವಾಗಿ ಕಾಣುತ್ತದೆ. ಮುಟ್ಟಿ ನೋಡೋಣವೆಂದರೆ ಸ್ಪರ್ಶಪ್ರತ್ಯಕ್ಷ ಇನ್ನೂ ಮೋಸಗಾರ. ಬಿಸಿಯಿರುವಾಗ ಸಕ್ಕರೆ ಗಟ್ಟಿಯಾಗಿರುವುದಿಲ್ಲ, ಕೋಕೊ ಬೆಣ್ಣೆಯಂತೂ ಮೈಶಾಖದ ಆಸುಪಾಸಿನಲ್ಲೇ ಕರಗುವ ವಸ್ತು. ಆದ್ದರಿಂದ ಸರಿಯಾಗಿ ಬೆಂದ ಬ್ರುನ್ಸ್‌ಲಿ ಟ್ರೇಯ ಮೇಲೆ ಮೆತ್ತಗೇ ಇರುತ್ತದೆ. ಮೆತ್ತಗಿದೆ, ಇನ್ನೂ ಬೆಂದಿಲ್ಲ ಎಂದು ಮತ್ತೆ ಒಳಗಿಟ್ಟರೆ ತಣಿದ ಮೇಲೆ ಅದು ಒರಳಿಗೇ ಯೋಗ್ಯ. ಇಂದ್ರಿಯಗಳನ್ನು ನಂಬಿ ಕೆಟ್ಟವರ ಉದಾಹರಣೆ ಪುರಾಣಗಳಲ್ಲಿ ಬೇಕಾದಷ್ಟಿದೆ. ಹಲ್ಲಿನ ಡಾಕ್ಟರರ ಬಳಿ ಇನ್ನೂ ಹೆಚ್ಚಿದೆ.

ಚಾರ್ವಾಕ ಇಲ್ಲಿ ಸುಮ್ಮನೆ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಅವನನ್ನು ಸಭೆಯಿಂದ ಹೊರಗೆ ಕಳಿಸಿ ಮುಂದುವರಿಯೋಣ.

ಅನುಮಾನಕ್ಕೆ ಬರುವಾಗ ತಾರ್ಕಿಕರ ಮೇಲೆ ಒಂದು ಆಕ್ಷೇಪಣೆ ದಾಖಲಿಸಲೇಬೇಕು. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ, ಅಡುಗೆಮನೆಯಲ್ಲಿ ಇರುವಂತೆ ಎಂದು ಅವರು ಶತಮಾನಗಟ್ಟಲೆ ಹೇಳಿಕೊಂಡು ಬಂದರು. ದೃಷ್ಟಾಂತಕ್ಕೆ ಅಡುಗೆಮನೆ ಬೇಕು. ಆದರೆ ಅವರಲ್ಲಿ ಒಬ್ಬನಾದರೂ ಒಳಗೆ ಹೋಗಿ ಒಲೆಯ ಉರಿ ತಗ್ಗಿಸಿದ ದಾಖಲೆ ಇಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು, ಹೊಗೆಯಿಂದ ಬೆಂಕಿಯನ್ನು ಊಹಿಸುವ ಹೊತ್ತಿಗೆ ಕುಕೀಯ ಕಥೆ ಮುಗಿದಿರುತ್ತದೆ ಎಂದು. ಹೊಗೆ ನಮಗೆ ಹೇತುವಲ್ಲ, ಮರಣಪತ್ರ.

ಹೊಗೆ ಬೇಡ, ಪರಿಮಳ ಹೇತುವಾಗಲಿ ಎಂದರೆ? ನಮ್ಮ ಮನೆಯಲ್ಲಿ ಈ ವಿಷಯದಲ್ಲಿ ಸ್ವಾರಸ್ಯವಾದ ವಾದವೊಂದು ನಡೆಯಿತು.

‘ಘಮ್ ಅಂತಿದೆ ಕಣೇ, ಆಗಿರ್ಬೇಕು. ತೆಗಿ’ ಎಂದಳು ನಮ್ಮಾಕೆ.

‘ಈಗಷ್ಟೇ ಇಟ್ಟಿದ್ದೀನಿ ಅತ್ತೆ. ಅದು ಚಕ್ಕೆ ವಾಸನೆ.’

‘ವಾಸನೆ ಬಂತು ಅಂದ್ರೆ ಬೆಂತು ಅಂತಲೇ. ನಲವತ್ತು ವರ್ಷದಿಂದ ಹುಳಿಪುಡಿ ಹುರೀತಾ ಇದೀನಿ, ನಂಗೆ ಹೇಳ್ತೀಯಾ?’

ಹುಳಿಪುಡಿಯ ಮಟ್ಟಿಗೆ ಅತ್ತೆಯ ವ್ಯಾಪ್ತಿ ಅಬಾಧಿತ. ಬ್ರುನ್ಸ್‌ಲಿಯ ಮಟ್ಟಿಗೆ ಅದು ಸವ್ಯಭಿಚಾರ ಹೇತು, ಅಂದರೆ ಬೆಂದಾಗಲೂ ಬೇಯದಾಗಲೂ ಇರುವ ಗುರುತು. ಚಕ್ಕೆಯ ಸಿನಮಾಲ್ಡಿಹೈಡ್, ಲವಂಗದ ಯೂಜಿನಾಲ್ ಎರಡೂ ಸುಲಭವಾಗಿ ಆವಿಯಾಗುವ ಜಾತಿಯವು. ಕಾವು ತಾಗಿದ್ದೇ ತಡ, ಕಣಕ ಹಸಿಯೋ ಬಿಸಿಯೋ ಎಂದು ಕೇಳದೆ ಮನೆಯೆಲ್ಲ ಸುತ್ತುತ್ತವೆ. ಪಕ್ಕದ ಮನೆಯವರು ಕರೆಗಂಟೆ ಒತ್ತಿ ‘ಏನ್ ಸ್ಪೆಷಲ್ಲು?’ ಎಂದು ಕೇಳುವುದು ಕುಕೀ ಬೆಂದುದಕ್ಕೆ ಲಿಂಗ, ಅಂದರೆ ಗುರುತು, ಆಗದು. ಅದು ಪಕ್ಕದ ಮನೆಯವರ ಕುತೂಹಲಕ್ಕೆ ಲಿಂಗ.

ದೀರ್ಘ ವಿಚಾರಣೆಯ ನಂತರ ಉಳಿದ ಹೇತುಗಳು ಎರಡೇ. ಒಂದು, ಮೈಮೇಲಿನ ಹೊಳಪು ಆರುವುದು. ಹಸಿ ಬ್ರುನ್ಸ್‌ಲಿಯ ಮೇಲೆ ಸಕ್ಕರೆ ಹರಳುಗಳ ನಡುವೆ ಒದ್ದೆಯ ಮಿಂಚೊಂದು ಇರುತ್ತದೆ. ಬೆಂದಂತೆ ಅದು ಅಂಚಿನಿಂದ ನಡುವಿಗೆ ಸರಿಯುತ್ತ ಮಂಕಾಗುತ್ತದೆ, ನಕ್ಷತ್ರದ ಐದು ಮೂಲೆಗಳು ಮೊದಲು, ಹೊಟ್ಟೆ ಕೊನೆಗೆ. ಎರಡು, ಬಟರ್ ಪೇಪರಿನಿಂದ ತಳ ಕೊಸರಾಡದೆ ಬಿಡಿಸಿಕೊಳ್ಳುವುದು. ಎರಡೂ ಕಂಡರೆ ಅನುಮಾನ ಸಿದ್ಧ. ಬಾಗಿಲು ತೆರೆದು ಟ್ರೇಯನ್ನು ಹೊರಗೆಳೆಯಬೇಕು. ಒಳಗೆ ಬಿಟ್ಟು ‘ತಣ್ಣಗಾಗಲಿ’ ಎಂದರೆ ಬಿಸಿ ಟ್ರೇ ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ. ಕರ್ತೃ ನಿಂತರೂ ಕ್ರಿಯೆ ನಿಲ್ಲದು ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ವ್ಯಾಕರಣದಲ್ಲೂ ಇಲ್ಲ.

ಉಪಮಾನದಿಂದ ಏನೂ ಸಿಗದು. ‘ಹೋದ ವರ್ಷದ್ದರ ಹಾಗೆ ಇರಬೇಕು’ ಎನ್ನೋಣವೆಂದರೆ ಹೋದ ವರ್ಷದ್ದು ಒಂದೂ ಉಳಿದಿಲ್ಲ.

ಶಬ್ದಪ್ರಮಾಣದಲ್ಲಿ ತೊಡಕು ಬೇರೆ ಬಗೆಯದು. ಚಾಕೊಲೇಟ್ ಪೊಟ್ಟಣದ ಬೆನ್ನಿನ ಬರಹಕ್ಕೆ ಕರ್ತೃ ಯಾರೆಂದು ಯಾರಿಗೂ ಗೊತ್ತಿಲ್ಲ. ಆ ಅರ್ಥದಲ್ಲಿ ಅದು ಅಪೌರುಷೇಯ. ‘ಎರಡು ಚಮಚ ಕೋಕೊ ಹಾಕಿ’ ಎಂಬುದು ವಿಧಿ, ‘ಕುದಿಯಲು ಬಿಡಬೇಡಿ’ ಎಂಬುದು ನಿಷೇಧ, ‘ಮನೆಮಂದಿಯೆಲ್ಲ ಚಪ್ಪರಿಸುವರು’ ಎಂಬುದು ಅರ್ಥವಾದ. ಇಷ್ಟರವರೆಗೆ ಸರಿ. ಆದರೆ ಕಾವಿನ ವಿಷಯದಲ್ಲಿ ಶ್ರುತಿಗಳೇ ಬಡಿದಾಡುತ್ತವೆ. ಒಂದು ಸ್ವಿಸ್ ಶಾಖೆ 250 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಎನ್ನುತ್ತದೆ. ಇನ್ನೊಂದು 160ರ ಸುತ್ತ ಹತ್ತು ಹದಿನೈದು ನಿಮಿಷ ಎನ್ನುತ್ತದೆ. ಎರಡೂ ಸಮಬಲದ ಶ್ರುತಿಗಳಾದರೆ ವಿಕಲ್ಪವೆಂದು ಮೀಮಾಂಸಕರ ಮತ, ಯಾವುದನ್ನಾದರೂ ಆರಿಸಿಕೊಳ್ಳಬಹುದು. ನಮ್ಮ ಓಟಿಜಿಯ ಗುಂಡಿ 230ಕ್ಕೇ ನಿಲ್ಲುವುದರಿಂದ ವಿಕಲ್ಪ ತಾನಾಗಿಯೇ ಬಗೆಹರಿಯಿತು. ಆ ಗುಂಡಿ ಹೇಳುವ 160 ನಿಜವಾಗಿ 160 ಹೌದೇ ಎಂಬುದು ಪ್ರಮಾಣಗಳ ಪ್ರಾಮಾಣ್ಯದ ಪ್ರಶ್ನೆ. ಸ್ವತಃಪ್ರಾಮಾಣ್ಯವಾದಿಗಳು ಗುಂಡಿಯನ್ನು ನಂಬುತ್ತಾರೆ. ಪರತಃಪ್ರಾಮಾಣ್ಯವಾದಿಯಾದ ನನ್ನ ಸೊಸೆ ಒಳಗೊಂದು ಓವನ್ ಥರ್ಮಾಮೀಟರ್ ತೂಗುಹಾಕಿದ್ದಾಳೆ.

ಚಕ್ಕೆಯ ಬಗ್ಗೆ ಇನ್ನೂ ಒಂದು ಶಬ್ದಪ್ರಮಾಣವಿದೆ, ಅದನ್ನು ಓದಿ ನಾನು ಕೂತಲ್ಲೇ ರೋಮಾಂಚಗೊಂಡೆ. ದಿನಸಿ ಅಂಗಡಿಯಲ್ಲಿ ನಮಗೆ ಸಿಗುವ ದಪ್ಪ ಚಕ್ಕೆ ಬಹುಮಟ್ಟಿಗೆ ಕ್ಯಾಸಿಯ ಜಾತಿಯದು. ಹಾಳೆಹಾಳೆಯಾಗಿ ಸುರುಳಿ ಸುತ್ತಿದ ಸಿಲೋನ್ ಚಕ್ಕೆ ಬೇರೆ. ಕ್ಯಾಸಿಯದಲ್ಲಿ ಕೂಮರಿನ್ ಎಂಬ ವಸ್ತು ಹೆಚ್ಚು, ಅತಿಯಾದರೆ ಕೆಲವರ ಯಕೃತ್ತಿಗೆ ಒಳ್ಳೆಯದಲ್ಲ. ಯುರೋಪಿಯನ್ ಒಕ್ಕೂಟ 2008ರ ನಿಯಮವೊಂದರಲ್ಲಿ ಇದಕ್ಕೆ ಮಿತಿ ಹಾಕಿತು: ಸಾಧಾರಣ ಬೇಕರಿ ತಿಂಡಿಯಲ್ಲಿ ಕಿಲೋಗೆ 15 ಮಿಲಿಗ್ರಾಂ. ಆದರೆ ಸಾಂಪ್ರದಾಯಿಕ ಇಲ್ಲವೇ ಹಬ್ಬದ ಕಾಲದ ಚಕ್ಕೆ ತಿಂಡಿಯಾದರೆ 50. ಓದುಗರು ಇದನ್ನು ಇನ್ನೊಮ್ಮೆ ಓದಬೇಕು. ಅದೇ ಚಕ್ಕೆ, ಅದೇ ಯಕೃತ್ತು; ತಿಥಿ ಮಾತ್ರ ಬೇರೆ. ಜೈಮಿನಿಯ ನಿತ್ಯಕರ್ಮ, ನೈಮಿತ್ತಿಕಕರ್ಮಗಳ ಭೇದ ಬ್ರಸೆಲ್ಸಿನಲ್ಲಿ ಇಷ್ಟು ಶುದ್ಧರೂಪದಲ್ಲಿ ಉಳಿದುಬಂದಿದೆ ಎಂದು ಯಾರಿಗೆ ಗೊತ್ತಿತ್ತು! 2013ರಲ್ಲಿ ಡೆನ್ಮಾರ್ಕಿನ ಆಹಾರ ಇಲಾಖೆ ಅಲ್ಲಿನ ಚಕ್ಕೆ ಸುರುಳಿ ಬನ್ನನ್ನು ನಿತ್ಯದ ಪಟ್ಟಿಗೆ ಸೇರಿಸಹೊರಟಾಗ ಬೇಕರಿಯವರು ತಿರುಗಿಬಿದ್ದರು. ಅವರಿಗೊಬ್ಬ ಮೀಮಾಂಸಕ ವಕೀಲನ ಅಗತ್ಯವಿತ್ತು. ನಾನು ಬಿಡುವಾಗಿಯೇ ಇದ್ದೆ.

ಈ ನಿಯಮವನ್ನು ಮನೆಯಲ್ಲಿ ಓದಿಹೇಳಿ, ಹಬ್ಬದ ಕಾಲದಲ್ಲಿ ನನ್ನ ಪಾಲಿನ ಕುಕೀಯನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕೆಂದು ಕೋರಿದೆ. ‘ನಿಮ್ ಶುಗರ್‌ಗೂ ಹಬ್ಬ ಇದೆಯೇನ್ರೀ?’ ಎಂಬ ಪ್ರತಿಪ್ರಶ್ನೆ ಬಂತು. ಅದು ಛಲ, ಅಂದರೆ ಮಾತು ತಿರುಚುವುದು, ವಾದವಲ್ಲ. ಆದ್ದರಿಂದ ಇಲ್ಲಿ ಉತ್ತರಿಸುವುದಿಲ್ಲ.

ಅರ್ಥಾಪತ್ತಿ ಹುಟ್ಟುವುದು ಇಲ್ಲಿಂದಲೇ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದನ್ನು ಯಾರೂ ಕಂಡಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಕಲ್ಪಿಸಲೇಬೇಕು. ಮೀಮಾಂಸಕರು ಈ ದೇವದತ್ತನನ್ನು ಎಲ್ಲಿಂದ ತಂದರೋ ಗೊತ್ತಿಲ್ಲ, ನಮ್ಮ ಮನೆಯಲ್ಲಿ ಅವನ ಹೆಸರು ಹೇಳುವಾಗ ಎಲ್ಲರೂ ನನ್ನ ಕಡೆ ನೋಡುತ್ತಾರೆ. ತಣಿದ ಬ್ರುನ್ಸ್‌ಲಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡದು. ಒಂದೆರಡು ದಿನ ಕಳೆದರೆ ಲವಂಗದ ಚುರುಕು ತಗ್ಗಿ ರುಚಿ ಹದವಾಗುತ್ತದೆ ಕೂಡ. ಆದ್ದರಿಂದ ಡಬ್ಬಿ ಮೇಲಿನ ಕಪಾಟು ಸೇರಿತು. ಹಗಲು ಅದನ್ನು ಯಾರೂ ಮುಟ್ಟಲಿಲ್ಲ. ಆದರೂ ಮೇಲಿನ ಪದರ ಕೆಳಗಿನ ಪದರವಾಯಿತು.

ಆರನೆಯ ಪ್ರಮಾಣ ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ಅರಿಯುವುದು. ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ಅವರು ಕ್ರಿಸ್‌ಮಸ್ ರಜೆಯಲ್ಲಿ ಮೊಮ್ಮಗನಿರುವ ಮನೆಯಲ್ಲಿ ಡಬ್ಬಿ ತೆರೆದು ನೋಡಿದವರಲ್ಲ. ಈ ಪ್ರಬಂಧದ ಸಿದ್ಧಾಂತವೂ ಇದರ ಮೇಲೆಯೇ ನಿಂತಿದೆ: ಬ್ರುನ್ಸ್‌ಲಿ ಸರಿಯಾಗಿ ಬೆಂದಿತ್ತೆಂಬುದಕ್ಕೆ ನಿರ್ದುಷ್ಟ ಪ್ರಮಾಣ ಬ್ರುನ್ಸ್‌ಲಿಯ ಅಭಾವವೊಂದೇ. ಸೀದವು ಸಂಕ್ರಾಂತಿಯವರೆಗೂ ಉಪಲಬ್ಧವಾಗಿರುತ್ತವೆ.

ತಳದಲ್ಲಿ ಒಂದು ಮಾತ್ರ ಉಳಿದಿತ್ತು, ಮೂಲೆ ಮುರಿದ ನಕ್ಷತ್ರ. ಅದು ಯಾರಿಗೆ ಸಲ್ಲಬೇಕೆಂಬುದು ಪ್ರಮಾಣಶಾಸ್ತ್ರದ ವ್ಯಾಪ್ತಿಗೆ ಬಾರದು, ಧರ್ಮಶಾಸ್ತ್ರಕ್ಕೆ ಹೋಗಬೇಕು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ನೆಲದಲ್ಲೇ, ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಪ್ರಕಾರ ಪಿತ್ರಾರ್ಜಿತದಲ್ಲಿ ಗಂಡುಸಂತಾನಕ್ಕೆ ಹುಟ್ಟಿನಿಂದಲೇ ಹಕ್ಕು. ಮೊಮ್ಮಗ ಒಂದಕ್ಷರ ಓದದೆಯೂ ಅಪ್ಪಟ ಮಿತಾಕ್ಷರಿ. ಸ್ಟೂಲು ಹತ್ತಿ ನಿಂತೇ ವಾದ ಮಂಡಿಸಿದ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಹಾಗೆ ಹೇಳುವುದಿಲ್ಲ. ಹಿರಿಯ ಬದುಕಿರುವವರೆಗೆ ಉಳಿದವರಿಗೆ ಪಾಲು ಕೇಳುವ ಅಧಿಕಾರವೇ ಇಲ್ಲ. ಕನ್ನಡಿಗನಾಗಿ ವಿಜ್ಞಾನೇಶ್ವರನ ಮೇಲೆ ನನಗೆ ಅಪಾರ ಅಭಿಮಾನವಿದೆ. ಆದರೂ ಡಿಸೆಂಬರಿನ ಕೊನೆಯ ವಾರದ ಮಟ್ಟಿಗೆ ಬಂಗಾಳದವರ ವಾದದಲ್ಲೇ ತಿರುಳು ಹೆಚ್ಚೆಂದು ನನಗೆ ತೋರುತ್ತದೆ.