ಪೇಸಣ್ಣನ ಪ್ರದಕ್ಷಿಣೆ

‘ಚೆನ್ನಾಗಿದ್ದೀರಾ?’ ಎಂದು ಕೇಳಿದರೆ ‘ಐದು ನಲವತ್ತೆಂಟು’ ಎಂದು ಉತ್ತರ ಕೊಡುವವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ದಿನಾ ಕಾಣುತ್ತೇನೆ. ಅದು ಬಸ್ಸಿನ ಹೊತ್ತಲ್ಲ, ಹಾಲಿನ ಬೆಲೆಯೂ ಅಲ್ಲ. ಒಂದು ಕಿಲೋಮೀಟರು ಓಡಲು ಐದು ನಿಮಿಷ ನಲವತ್ತೆಂಟು ಸೆಕೆಂಡು ಹಿಡಿಯಿತು ಎಂದು ಅರ್ಥ. ಓಟಗಾರರ ಭಾಷೆಯಲ್ಲಿ ಇದಕ್ಕೆ ‘ಪೇಸ್’ ಎನ್ನುತ್ತಾರೆ. ಉತ್ತರ ಕೊಟ್ಟವನಿಗೆ ಆಧಾರ್ ಕಾರ್ಡಿನಲ್ಲಿ ಒಳ್ಳೆಯದೊಂದು ದೇವರ ಹೆಸರಿದೆ. ನಮ್ಮ ಮನೆಯಲ್ಲಿ ಮಾತ್ರ ಅವನು ಪೇಸಣ್ಣ. ಹೆಸರಿಟ್ಟವಳು ನನ್ನ ಹೆಂಡತಿ, ಬಳಸುತ್ತಿರುವವನು ನಾನು.

ನಮ್ಮದು ಸರ್ಜಾಪುರ. ಆನೇಕಲ್ ತಾಲ್ಲೂಕಿನ ಹೋಬಳಿ, ಒಂದು ಕಾಲಕ್ಕೆ ನೇಕಾರಿಕೆಗೆ ಹೆಸರಾದ ಊರು. ಈಗ ಇಲ್ಲಿ ಮಗ್ಗಕ್ಕಿಂತ ಲಿಫ್ಟುಗಳೇ ಹೆಚ್ಚು. ಬ್ಯಾಂಕಿನಿಂದ ನಿವೃತ್ತನಾಗಿ ಮಗನ ಅಪಾರ್ಟ್‌ಮೆಂಟಿಗೆ ಬಂದು ಸೇರಿದ ವರ್ಷ ಡಾಕ್ಟರು ಸಕ್ಕರೆ ಇದೆ, ನಡೆಯಿರಿ ಎಂದರು. ನಾನು ನನ್ನ ಪಾಡಿಗೆ ನಡೆಯುತ್ತಿದ್ದೆ. ಒಂದು ಬೆಳಿಗ್ಗೆ ಪೇಸಣ್ಣ ಹಿಂದಿನಿಂದ ಬಂದು ಪಕ್ಕದಲ್ಲೇ ಕುಣಿಯುತ್ತಾ, ‘ಸರ್, ನಡೀತಾ ಇದೀರಲ್ಲ, ಅದನ್ನೇ ಸ್ವಲ್ಪ ಬೇಗ ಮಾಡಿದ್ರೆ ಓಟ ಸರ್’ ಎಂದ. ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ಓದಿದವನು ನಾನು. ಎಂತೆಂಥ ವಾದಗಳನ್ನು ತಳ್ಳಿಹಾಕಿದ್ದೇನೆ. ಇದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ. ಮರುದಿನ ಐದೂಕಾಲಿಗೆ ಗೇಟಿನ ಹತ್ತಿರ ನಿಂತಿದ್ದೆ, ರನ್ನಿಂಗ್ ಕ್ಲಬ್ಬಿನ ಸದಸ್ಯನಾಗಿ.

ಕ್ಲಬ್ಬಿನಲ್ಲಿ ಪೇಸಣ್ಣನೊಬ್ಬನೇ ಅಲ್ಲ. ಮೂರು ವರ್ಷದಿಂದ ಮಂಡಿನೋವೆಂದು ಒಂದು ಹೆಜ್ಜೆಯೂ ಓಡದೆ, ಉಳಿದವರ ಮಂಡಿಗಳಿಗೆಲ್ಲ ಸಲಹೆ ಕೊಡುವವರೊಬ್ಬರಿದ್ದಾರೆ. ಕ್ಯಾಮೆರಾ ಕಂಡ ಕಡೆ ಜಿಂಕೆಯಾಗಿ, ಮರೆಯಾದೊಡನೆ ಆಮೆಯಾಗುವ ತರುಣನಿದ್ದಾನೆ. ಇಪ್ಪತ್ತು ಸಾವಿರದ ಶೂ ಕೊಂಡು, ಅದು ಸವೆದೀತೆಂದು ಹಳೆಯ ಶೂನಲ್ಲೇ ಓಡುವ ಮಹಾಶಯರೂ ಇದ್ದಾರೆ. ಎಲ್ಲರ ಮನೆಯಲ್ಲೂ ಓಟದ ಸ್ಪರ್ಧೆಗಳಲ್ಲಿ ಬಂದ ಟೀ ಶರ್ಟುಗಳ ರಾಶಿ. ಆ ಬಟ್ಟೆಯ ದೊಡ್ಡ ಗುಣವೆಂದರೆ ಬೆವರು ಹೀರದಿರುವುದು. ಹೀಗಾಗಿ ಹಳತಾದ ಮೇಲೆ ನೆಲ ಒರೆಸಲಿಕ್ಕೂ ಬರುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು.

ಇವರನ್ನೆಲ್ಲ ಸಹಿಸಬಹುದು. ಪೇಸಣ್ಣನ ಒಂದು ಅಭ್ಯಾಸವನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ. ಅವನಿಗೆ ಚಿಲ್ಲರೆ ಆಗದು. ಹತ್ತು ಕಿಲೋಮೀಟರು ಎಂದು ಹೊರಟರೆ, ದೂರ ಅಳೆಯುವ ಅವನ ಕೈಗಡಿಯಾರ 10.00 ತೋರಿಸಬೇಕು. 9.96ಕ್ಕೆ ಮನೆಯ ಗೇಟು ಬಂದುಬಿಟ್ಟರೆ ಅವನು ಒಳಗೆ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ಸುತ್ತುತ್ತಾನೆ, ನಿಂತ ಟ್ಯಾಂಕರ್ ಲಾರಿ ಸುತ್ತುತ್ತಾನೆ, ಬೇರೇನೂ ಸಿಗದಿದ್ದರೆ ನನ್ನನ್ನೇ ಸುತ್ತುತ್ತಾನೆ. ಮಾತಾಡುತ್ತಿರುವ ಮನುಷ್ಯ ನಮ್ಮನ್ನು ಸುತ್ತತೊಡಗಿದರೆ ಮುಖ ಎತ್ತ ತಿರುಗಿಸಬೇಕೆಂದು ಯಾವ ಶಿಷ್ಟಾಚಾರದ ಪುಸ್ತಕದಲ್ಲೂ ಬರೆದಿಲ್ಲ.

ಒಂದು ಶನಿವಾರ ಊರೊಳಗಿನ ಅಶ್ವತ್ಥಕಟ್ಟೆಯ ಹತ್ತಿರ ನಿಂತೆವು. ನಾನು ನಿಂತೆ ಎನ್ನುವುದೇ ಸರಿ. ಪೇಸಣ್ಣನ ಗಡಿಯಾರದಲ್ಲಿ 11.74 ಇತ್ತು, ಆ ದಿನದ ಸಂಕಲ್ಪ ಹನ್ನೆರಡು. ಅವನು ಕಟ್ಟೆ ಸುತ್ತಲು ಶುರುಮಾಡಿದ. ಹತ್ತು ಸುತ್ತಿಗೆ ಮುಗಿಯಬೇಕಾದ ಕೆಲಸ. ಆದರೆ ಅಷ್ಟು ದಟ್ಟವಾದ ಮರದ ಕೆಳಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದು. ಸಣ್ಣ ವೃತ್ತದಲ್ಲಿ ಸುತ್ತಿದರಂತೂ ಗಡಿಯಾರ ತಿರುವುಗಳನ್ನೆಲ್ಲ ಕತ್ತರಿಸಿ ಅರ್ಧ ದೂರವನ್ನೇ ನುಂಗಿಬಿಡುತ್ತದೆ. ಇವನು ಸುತ್ತಿದಷ್ಟೂ ಅದು ಲೆಕ್ಕ ಕೊಡದು, ಅದು ಲೆಕ್ಕ ಕೊಡದಷ್ಟೂ ಇವನು ಬಿಡ.

ಅದೇ ಹೊತ್ತಿಗೆ ಅಜ್ಜಿಯೊಬ್ಬರು ತಾಮ್ರದ ಚೊಂಬು, ಅರಿಶಿನ ಕುಂಕುಮ ಹಿಡಿದು ಪ್ರದಕ್ಷಿಣೆಗೆ ಬಂದರು. ಅಶ್ವತ್ಥ ಪ್ರದಕ್ಷಿಣೆಯನ್ನು ಸಂತಾನಕ್ಕಾಗಿ ಹಾಕುವುದೂ ಉಂಟೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆವರಿನಲ್ಲಿ ತೊಯ್ದು, ಬಾಯಲ್ಲಿ ಏನೋ ಎಣಿಸುತ್ತಾ, ಕಣ್ಣು ಮುಚ್ಚಿ ತೆರೆಯುತ್ತಾ ಸುತ್ತುತ್ತಿದ್ದ ಗಂಡಸನ್ನು ಕಂಡು ಅವರ ಕರುಳು ಚುರ್ರೆಂದಿರಬೇಕು.

‘ಯಾಕಪ್ಪಾ, ಮಕ್ಳಾಗಿಲ್ವಾ?’ ಎಂದರು.

ಪೇಸಣ್ಣನ ಕಿವಿಯಲ್ಲಿ ಇಯರ್‌ಫೋನು. ಅವನಿಗೆ ಕೇಳಿಸಿದ್ದು ‘ಆಗಿಲ್ವಾ’ ಒಂದೇ.

‘ಹನ್ನೊಂದೂಮುಕ್ಕಾಲು ಆಗಿದೆ ಅಜ್ಜೀ,’ ಎಂದು ಆ ಬದಿಯಿಂದ ಕೂಗಿದ. ಈ ಬದಿಗೆ ಬಂದವನೇ, ‘ಹನ್ನೆರಡಾದ್ರೆ ನಿಲ್ಲಿಸ್ಬಿಡ್ತೀನಿ’ ಎಂದ.

ಅಜ್ಜಿ ಕೆನ್ನೆಗೆ ಕೈ ಹಚ್ಚಿ ಅಲ್ಲೇ ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ‘ಆ ಹೆಣ್ಮಗಳ ಗತಿ ಏನಪ್ಪಾ?’ ಎಂದರು. ನಾನು ನಗು ತಡೆಯಲು ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದವನು ಪೇಸಣ್ಣನಿಗೆ ಹನ್ನೆರಡಾಗುವವರೆಗೂ ಏಳಲಿಲ್ಲ.

ಬೇಸಿಗೆ ಬಂತೆಂದರೆ ಈ ಓಟದ ಕಾಯಿಲೆ ಉಲ್ಬಣಿಸುತ್ತದೆ. ಬೆಂಗಳೂರಿನಲ್ಲಿ 2008ರಲ್ಲಿ ಶುರುವಾದ ಹತ್ತು ಕಿಲೋಮೀಟರಿನ ಅಂತರರಾಷ್ಟ್ರೀಯ ಓಟ, ವರ್ಲ್ಡ್ ಟೆನ್ ಕೆ, ಬರುವುದೇ ಏಪ್ರಿಲ್-ಮೇ ಬಿಸಿಲಿನಲ್ಲಿ. ಅದಕ್ಕೆ ಎರಡು ತಿಂಗಳ ಮೊದಲೇ ಕ್ಲಬ್ಬಿನಲ್ಲಿ ಗುಸುಗುಸು. ತಯಾರಿ ನಡೆಸಿದ್ದೇನೆಂದು ಯಾರೂ ಯಾರಿಗೂ ಹೇಳುವುದಿಲ್ಲ. ‘ನಾನು ಸುಮ್ನೆ ಮಜಾಕ್ಕೆ ಓಡೋದು’ ಎನ್ನುತ್ತಾರೆ. ಅಂದವರೇ ಮರುದಿನ ನಾಲ್ಕೂವರೆಗೆ ಯಾರಿಗೂ ಕಾಣದಂತೆ ದೊಮ್ಮಸಂದ್ರದ ಕಡೆ ಓಡಿಹೋಗಿ, ಅಲ್ಲಿನ ನಾಯಿಗಳ ಕೈಗೆ ಸಿಕ್ಕು, ಜೀವಮಾನದ ಅತ್ಯುತ್ತಮ ವೇಗದಲ್ಲಿ ಹಿಂದಿರುಗುತ್ತಾರೆ.

2024ರ ಬೇಸಿಗೆಯನ್ನಂತೂ ಮರೆಯುವ ಹಾಗಿಲ್ಲ. ಬೋರ್‌ವೆಲ್ ಬತ್ತಿ, ಟ್ಯಾಂಕರಿನ ಹಾರನ್ನೇ ಸುಪ್ರಭಾತವಾಗಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಓಟಗಾರನನ್ನು ತೊಳೆಯುವುದರ ಬಗ್ಗೆ ಆದೇಶ ಏನೂ ಹೇಳಿರಲಿಲ್ಲವಾದರೂ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕಾರಿನ ಹಾಗೆಯೇ ನೋಡುತ್ತಿದ್ದರು. ‘ಓಡದೆ ಇದ್ದರೆ ಒಂದೇ ಸ್ನಾನ ಸಾಕಲ್ಲವೇ?’ ಎಂದು ನನ್ನನ್ನು ಲಿಫ್ಟಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅದೇ ಬೇಸಿಗೆಯ ರಾಮನವಮಿಯಂದು ಬೀದಿಯಲ್ಲಿ ಪಾನಕ ಕೊಟ್ಟರೆ ಪೇಸಣ್ಣ ‘ಶುಗರ್ ಸರ್’ ಎಂದು ಕೈಮುಗಿದು, ನಾಲ್ಕು ಹೆಜ್ಜೆ ಆಚೆ ಹೋಗಿ ನೂರೈವತ್ತು ರೂಪಾಯಿಯ ಎನರ್ಜಿ ಜೆಲ್ ಪೊಟ್ಟಣ ಕಚ್ಚಿ ಹರಿದ. ಅದರಲ್ಲಿ ಏನಿದೆಯೋ ಎಂದು ಓದಿ ನೋಡಿದೆ. ಸಕ್ಕರೆ, ಉಪ್ಪು, ನಿಂಬೆಯ ಸ್ವಾದ. ಏಲಕ್ಕಿ ಹಾಕಲು ಮರೆತಿದ್ದರು.

ಏಪ್ರಿಲ್ 26ರ ಶುಕ್ರವಾರ ಲೋಕಸಭೆಗೆ ಮತದಾನ, 28ರ ಭಾನುವಾರ ಓಟ. ಬೆರಳಿನ ಶಾಯಿ ಆರುವ ಮೊದಲೇ ಎದೆಗೆ ನಂಬರಿನ ಚೀಟಿ ಚುಚ್ಚಿಕೊಂಡು, ನಸುಕಿನಲ್ಲೇ ಕಾರಿನಲ್ಲಿ ನಗರಕ್ಕೆ ಹೊರಟೆವು. ಪೇಸಣ್ಣನ ಗುರಿ ಐವತ್ತೈದು ನಿಮಿಷ. ಈ ಓಟದ ದಾಖಲೆ 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ ಮಾಡಿದ್ದು, 27 ನಿಮಿಷ 38 ಸೆಕೆಂಡು. ನಾನು ಓಡಿ ಮುಗಿಸಿದ್ದು ಒಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ. ಅಷ್ಟರಲ್ಲಿ ಕಿಮೆಲಿಯವರು ಅದೇ ಓಟವನ್ನು ಮೂರು ಸಲ ಓಡಿ, ಕೂತು ಒಂದು ಕಾಫಿಯನ್ನೂ ಕುಡಿದಿರುತ್ತಿದ್ದರು. ಹಲಸೂರು ಕೆರೆಯ ಬಳಿ ನನ್ನನ್ನು ಹಿಂದೆ ಹಾಕಿದವರಲ್ಲಿ ಸೀರೆಯುಟ್ಟವರಿದ್ದರು, ಪಕ್ಕದವರೊಡನೆ ಮನೆಯ ಜಗಳದ ಕಥೆ ಹೇಳುತ್ತಿದ್ದವರಿದ್ದರು. ಕಥೆಯ ಕೊನೆ ನನಗೆ ಕೇಳಿಸಲಿಲ್ಲ, ಅಷ್ಟು ಬೇಗ ದಾಟಿಹೋದರು.

ಪೇಸಣ್ಣನಿಗೆ ಹಿಡಿದದ್ದು 55 ನಿಮಿಷ 7 ಸೆಕೆಂಡು.

ಆ ಏಳು ಸೆಕೆಂಡುಗಳು ಎಲ್ಲಿ ಹೋದವು? ಈ ಪ್ರಶ್ನೆಯನ್ನು ನಮ್ಮ ಕ್ಲಬ್ಬು ಮೇ, ಜೂನ್, ಜುಲೈ ಪೂರ್ತಿ ಅನುಭವಿಸಿತು. ಲಿಫ್ಟಿನಲ್ಲಿ, ಟ್ಯಾಂಕರಿನ ಮುಂದೆ, ಒಂದು ಉಪನಯನದ ಪಂಕ್ತಿಯಲ್ಲಿ ಪಾಯಸ ಬರುವವರೆಗೂ. ನೀರಿನ ಮೇಜಿನ ಹತ್ತಿರ ಯಾರೋ ಅಡ್ಡ ನಿಂತು ಸೆಲ್ಫಿ ತೆಗೆದುಕೊಂಡರು, ಅದಕ್ಕೆ ಮೂರು. ಶುಕ್ರವಾರ ವೋಟು ಹಾಕಲು ಕ್ಯೂನಲ್ಲಿ ನಿಂತು ಮೀನಖಂಡ ಬಿಗಿದಿತ್ತು, ಅದಕ್ಕೆ ಎರಡು. ಹೀಗೆ ಪ್ರಜಾಪ್ರಭುತ್ವದ ಖಾತೆಗೂ ಖರ್ಚು ಬಿತ್ತು. ಉಳಿದ ಎರಡು ಸೆಕೆಂಡಿಗೆ ಬಿಸಿಲು ಕಾರಣವೆಂದ. ಆ ದಿನ ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾದದ್ದು ನಿಜ. 2016ರ 39.2 ಬಿಟ್ಟರೆ ಏಪ್ರಿಲ್ ತಿಂಗಳಲ್ಲಿ ಅಷ್ಟು ಬಿಸಿಲನ್ನು ಈ ಊರು ಕಂಡಿರಲಿಲ್ಲ. ‘ಆದರೆ ಅದು ಮಧ್ಯಾಹ್ನದ್ದಲ್ಲವೇನಪ್ಪಾ? ನಾವು ಓಡಿದ್ದು ಬೆಳಗಿನ ಜಾವ’ ಎಂದೆ. ‘ಸರ್, ಬರೋ ಬಿಸಿಲು ಬಾಡಿಗೆ ಮೊದ್ಲೇ ಗೊತ್ತಾಗುತ್ತೆ’ ಎಂದ. ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ಬ್ಯಾಂಕಿನಲ್ಲಿ ಇಡುವ ಹಾಗೆ, ಆ ಎರಡನ್ನು ನಾನು ಸಸ್ಪೆನ್ಸ್ ಅಕೌಂಟಿನಲ್ಲಿ ಇಟ್ಟೆ.

ಸೋಲೊಪ್ಪುವ ಜಾತಿಯಲ್ಲ ಪೇಸಣ್ಣ. ‘ಕಿಮೆಲಿದು ಡಬಲ್ ಮಾಡಿದ್ರೆ 55:16 ಸರ್. ನಂದು ಡಬಲ್‌ಗಿಂತ ಒಂಬತ್ತು ಸೆಕೆಂಡು ಕಮ್ಮಿ’ ಎನ್ನುತ್ತಾನೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದನ್ನು ನಾನು ನೆನಪಿಸಿದರೆ, ‘ಅವ್ರಿಗೆ ಎರಡು ಕೋಣ ಪೇಸರ್ ಇದ್ವಲ್ಲ ಸರ್’ ಎಂದು ತಳ್ಳಿಹಾಕುತ್ತಾನೆ. ಒಮ್ಮೆ ಗಾರ್ಮೆಂಟ್ ಫ್ಯಾಕ್ಟರಿಯ ವ್ಯಾನು ಹೊರಟೇಬಿಟ್ಟಾಗ ಹೆಣ್ಣುಮಗಳೊಬ್ಬಳು ಹವಾಯಿ ಚಪ್ಪಲಿಯಲ್ಲಿ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ನಮ್ಮಿಬ್ಬರನ್ನೂ ದಾಟಿ ಓಡಿ ವ್ಯಾನು ಹತ್ತಿದಳು. ಪೇಸಣ್ಣ ಅವಳನ್ನೇ ನೋಡುತ್ತಾ ನಿಂತ. ‘ಫಾರ್ಮ್ ಚೆನ್ನಾಗಿದೆ ಸರ್. ಆದ್ರೆ ವಾರ್ಮ್ ಅಪ್ ಮಾಡಿಲ್ಲ.’

ಬೈಯುವುದು ಸುಲಭ. ನಾನೇನು ಕಡಿಮೆ? ದಿನದ ಲೆಕ್ಕ ಒಂದು ರೂಪಾಯಿ ಹತ್ತು ಪೈಸೆ ಟ್ಯಾಲಿಯಾಗದೆ ರಾತ್ರಿ ಒಂಬತ್ತರವರೆಗೆ ಶಾಖೆಯಲ್ಲಿ ಕೂತ ಮನುಷ್ಯ ನಾನು. ಜೇಬಿನಿಂದ ಹಾಕಿಬಿಡಿ ಸಾರ್, ಹೋಗೋಣ ಎಂದ ಜವಾನನಿಗೆ ಅದು ಬೇರೆ, ಇದು ಬೇರೆ ಎಂದು ಬುದ್ಧಿ ಹೇಳಿದವನು. ಆ ಚಟ ಇನ್ನೂ ಹೋಗಿಲ್ಲ. ಏಳು ಸೆಕೆಂಡಿನ ಕಾಟ ತಡೆಯಲಾರದೆ ಒಂದು ದಿನ ಅವನ ಬಾಯಿ ಮುಚ್ಚಿಸಲೇಬೇಕೆಂದು ಫೋನಿನಲ್ಲಿ ಅವನ ಓಟದ ಖಾತೆಯನ್ನು ತೆರೆದು ಆಡಿಟ್ ಮಾಡುತ್ತಾ ಕೂತೆ. 10.00, 8.00, 12.00, 15.00, 10.00. ಪುಟ ಸರಿಸಿದಷ್ಟೂ ಸೊನ್ನೆಗಳ ಮೆರವಣಿಗೆ. ನಡುವೆ ಮಾರ್ಚ್ ತಿಂಗಳಲ್ಲಿ ಒಂದೇ ಒಂದು ಕಡೆ 9.37.

‘ಇದೇನಪ್ಪಾ, ಟ್ಯಾಲಿಯಾಗಿಲ್ಲ?’ ಎಂದು ಸಿಕ್ಕಿದ ಕಳ್ಳನನ್ನು ಕೇಳುವ ಹಾಗೆ ಕೇಳಿದೆ.

‘ಅವತ್ತು ನೀವು ಮೋರಿ ಮೇಲೆ ಕಾಲು ಹಿಡ್ಕೊಂಡು ಕೂತಿದ್ರಲ್ಲ ಸರ್’ ಎಂದ.

ಹೌದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಕಡೆಯ ರಸ್ತೆಯಲ್ಲಿ ಮೀನಖಂಡ ಹಿಡಿದುಕೊಂಡು, ಬಿಸಿಲೇರುತ್ತಿದ್ದಾಗ ನಾನು ಮೋರಿಯ ಮೇಲೆ ಕೂತಿದ್ದೆ. ಅವನು ಹನ್ನೆರಡರ ಓಟ ಓಡಿ ಹಿಂದಿರುಗುತ್ತಿದ್ದವನು ನನ್ನನ್ನು ಕಂಡು ನಿಂತ. ಗಡಿಯಾರದ ಗುಂಡಿ ಒತ್ತಿದ. ಆಗ ನಾನು ಅದನ್ನು ಗಮನಿಸಿರಲಿಲ್ಲ. ಮನೆಯವರೆಗಿನ ಎರಡೂವರೆ ಚಿಲ್ಲರೆ ಕಿಲೋಮೀಟರನ್ನು ನನ್ನ ತೋಳು ಹಿಡಿದು, ಕುಂಟುವವನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದ. ದಾರಿಯುದ್ದ ಒಂದು ಸಲವೂ ಪೇಸ್ ಎನ್ನಲಿಲ್ಲ. ತಿಪಟೂರಿನ ಕಡೆಯ ತೋಟ, ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಎದ್ದು ಹೋಗುತ್ತಿದ್ದ ಅಪ್ಪ, ಅವರ ಹಿಂದೆ ಟಾರ್ಚು ಹಿಡಿದು ಓಡುತ್ತಿದ್ದ ತಾನು, ಇವೇ ಮಾತು. ಅಪ್ಪ ನಡೆದರೂ ತಾನು ಓಡಬೇಕಾಗುತ್ತಿತ್ತಂತೆ, ಅಷ್ಟು ಬಿರುಸು ನಡಿಗೆಯಂತೆ. ‘ಎಷ್ಟ್ ದೂರ ಇತ್ತಪ್ಪಾ ತೋಟ?’ ಎಂದು ಕೇಳಿದೆ. ‘ಗೊತ್ತಿಲ್ಲ ಸರ್, ಯಾವತ್ತೂ ಅಳೆದಿಲ್ಲ’ ಎಂದ. ನಾನು ಗೇಟಿನ ಹತ್ತಿರ ಎರಡು ನಿಮಿಷ ಕೂತು ಲಿಫ್ಟು ಹತ್ತುವವರೆಗೂ ಅವನು ಅಲ್ಲೇ ನಿಂತಿದ್ದ. ಉಳಿದದ್ದನ್ನು ಓಡಿ ಪೂರೈಸಲು ಟ್ರಾನ್ಸ್‌ಫಾರ್ಮರ್ ಅಲ್ಲೇ ಇತ್ತು, ಅವನು ಹೋಗಲಿಲ್ಲ.

ಇದನ್ನೆಲ್ಲ ನೆನೆದು ನನ್ನ ಗಂಟಲು ಕಟ್ಟಿತ್ತು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪೇಸಣ್ಣ ಶುರುಮಾಡಿದ. ‘ಅದ್ರಿಂದ ಆ ವಾರ ಮೂವತ್ತು ಆಗ್ಬೇಕಿದ್ದಿದ್ದು ಇಪ್ಪತ್ತೇಳು ಪಾಯಿಂಟ್ ಮೂರು ಏಳಕ್ಕೆ ನಿಂತೋಯ್ತು ಸರ್. ಟ್ರೈನಿಂಗ್ ಸೈಕಲ್ಲೇ ಕಟ್ ಆಯ್ತು. ಈಗ ಹೊಳೀತಾ ಇದೆ ನೋಡಿ, ಆ ಎರಡು ಸೆಕೆಂಡು...’

ಸಸ್ಪೆನ್ಸ್ ಅಕೌಂಟು ಅಂದಿಗೆ ಮುಗಿಯಿತು. ಎರಡು ಸೆಕೆಂಡನ್ನು ನನ್ನ ಹೆಸರಿಗೆ ಖರ್ಚು ಹಾಕಿದ್ದಾನೆ.

ಸರ್ಜಾಪುರದ ಕಡೆ ಶನಿವಾರ ಬೆಳಿಗ್ಗೆ ಬಂದರೆ ಅಶ್ವತ್ಥಕಟ್ಟೆ ಸುತ್ತುವ ಒಬ್ಬ ಗಂಡಸು ನಿಮಗೂ ಕಂಡಾನು. ಪಕ್ಕದಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತಿರುವ ಮುದುಕ ನಾನೇ. ಕೈಮುಗಿದು ಕೇಳಿಕೊಳ್ಳುತ್ತೇನೆ, ‘ಎಷ್ಟಾಯ್ತು?’ ಎಂದು ಅವನನ್ನು ಮಾತ್ರ ಕೇಳಬೇಡಿ. ಹೇಳಿಬಿಡುತ್ತಾನೆ.