ಅಜ್ಜಂಪುರದಿಂದ ಅಮೆರಿಕಕ್ಕೆ: ಒಂದು ಖಚಿತ ಲೆಕ್ಕ

ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ಎಷ್ಟು ದೂರ ಅಂದರೆ ಓದಿದವರು ಸುಮಾರು 14,000 ಕಿಲೋಮೀಟರ್ ಎನ್ನುತ್ತಾರೆ. ಇದು ಅಲ್ಪಜ್ಞಾನ. ದೂರ ಅಳೆಯಬೇಕಾದ್ದು ಗಡಿಯಾರದಲ್ಲಿ. ರೈಲಿಗೆ ಒಂದೂವರೆ ಗಂಟೆ ಮೊದಲೇ ಹೋಗಿ ಕೂರುವುದು ನಮ್ಮ ಮನೆತನದ ಪದ್ಧತಿಯಾದ್ದರಿಂದ, ಅಜ್ಜಂಪುರ ಸ್ಟೇಷನ್ನಿನ ಬೆಂಚಿನ ಮೇಲೆ ಈ ಶಾಸ್ತ್ರವನ್ನು ಆಳವಾಗಿ ಅಭ್ಯಾಸ ಮಾಡಿದ್ದೇನೆ.

ದೇವನಹಳ್ಳಿಯಲ್ಲಿ ಮಧ್ಯಾಹ್ನ ಎರಡೂವರೆಗೆ ವಿಮಾನ ಎದ್ದಿತು ಅನ್ನಿ. 16 ಗಂಟೆ ಹಾರಿ ಇಳಿದಾಗ ಅಲ್ಲಿ ಅದೇ ದಿನದ ಸಂಜೆ ಐದು. ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಂದರೆ ಪ್ರಯಾಣ ಎರಡೂವರೆ ಗಂಟೆ. ಬೀರೂರು, ಕಡೂರು, ಅರಸೀಕೆರೆ ದಾಟಿ ನಾವು ಬೆಂಗಳೂರು ಸೇರಲು ಸುಮಾರು ನಾಲ್ಕು ಗಂಟೆ ಬೇಕು. ಹಾಗಾಗಿ ಬೆಂಗಳೂರಿಗೆ ಅಜ್ಜಂಪುರಕ್ಕಿಂತ ಅಮೆರಿಕವೇ ಹತ್ತಿರ. ಬೆಂಗಳೂರಿನವರ ಮಾತುಕತೆ ಕೇಳಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ.

2023ರಲ್ಲಿ ಸೋಗಾನೆಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣವೂ ಆಯಿತಲ್ಲ ಎನ್ನಬಹುದು. ಆಯಿತು. ಭೂಪಟದಲ್ಲಿ ಅಲ್ಲಿಂದ ದೇವನಹಳ್ಳಿಗೆ ಗೆರೆ ಎಳೆದರೆ ಹೆಚ್ಚುಕಮ್ಮಿ ನಮ್ಮೂರಿನ ನೆತ್ತಿಯ ಮೇಲೇ ಹೋಗುತ್ತದೆ. ಪೂರ್ವಕ್ಕೆ ಹೋಗಬೇಕಾದವರು ತರೀಕೆರೆ ದಾಟಿ ಪಶ್ಚಿಮಕ್ಕೆ ಹೋಗಿ, ವಿಮಾನ ಹತ್ತಿ, ಸ್ವಂತ ಮನೆಯ ಹೆಂಚು ನೋಡಿಕೊಂಡು ಮುಂದೆ ಹೋಗಬೇಕು. ಕೆಳಗಿನಿಂದ ಕೈ ಅಡ್ಡ ಹಾಕಿದರೆ ನಿಲ್ಲಿಸುವುದಿಲ್ಲ.

ಲಗೇಜಿನ ಶಾಸ್ತ್ರ ಬೇರೆ. ಒಂದು ಪೆಟ್ಟಿಗೆಗೆ 23 ಕೆ.ಜಿ. ಮಗಳ ಬಾಣಂತನಕ್ಕೆ ಹೊರಟ ನಮ್ಮ ಬೀದಿಯ ಗಂಡಹೆಂಡಿರು ಪೆಟ್ಟಿಗೆಗಳನ್ನು ಈರುಳ್ಳಿ ಮಂಡಿಯ ಕಾಟಾ ಮೇಲಿಟ್ಟು ತೂಗಿಸಿದರು. ಮೆಂತ್ಯದ ಹಿಟ್ಟು ತೆಗೆದರು, ಕೊಬ್ಬರಿ ಇಟ್ಟರು, ಕೊಬ್ಬರಿ ತೆಗೆದು ಮತ್ತೆ ಮೆಂತ್ಯದ ಹಿಟ್ಟು ಇಟ್ಟರು. ಮುಳ್ಳು ನಿಂತಿದ್ದು 23ರ ಮೇಲೆ. ನೋಡುತ್ತಿದ್ದ ಹಮಾಲಿ, “ಎರಡೂ ಸೇರಿ ಒಂದ್ ಚೀಲ ಈರುಳ್ಳಿಯಷ್ಟೂ ಆಗ್ಲಿಲ್ವಲ್ಲ ಯಜಮಾನ್ರೆ, ಇದಕ್ಕೆ ಇಷ್ಟು ದೂರ ಹೋಗ್ಬೇಕಾ?” ಎಂದ. ಅವನಿಗೂ ಈ ಶಾಸ್ತ್ರ ತಿಳಿಯದು.

ಇನ್ನು ವಾಪಸು ಬರುವ ದಾರಿ. ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್‌ಫ್ರಾನ್ಸಿಸ್ಕೋ ಬಿಟ್ಟದ್ದು 2021ರ ಜನವರಿ 9ರ ರಾತ್ರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಾರ್ತಿಯರು ಅದನ್ನು ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬೆಂಗಳೂರಿನಲ್ಲಿ ಇಳಿಸಿದ್ದು 11ರ ಬೆಳಗಿನ ಜಾವ. ಹೋಗಲು ಎರಡೂವರೆ ಗಂಟೆ, ಬರಲು ಮೂವತ್ತಕ್ಕೂ ಮೇಲೆ! ಅಮೆರಿಕಕ್ಕೆ ಹೋಗುವುದು ಇಳಿಜಾರು, ಬರುವುದು ಏರು. ಕೆಮ್ಮಣ್ಣುಗುಂಡಿ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೋದ ಮಕ್ಕಳು ಯಾಕೆ ಬರಲಿಲ್ಲ ಎಂದು ಜಗಲಿಯ ಮೇಲೆ ಕೂತು ಕೊರಗುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮಕ್ಕಳ ತಪ್ಪೇನಿಲ್ಲ, ಏರು ಜಾಸ್ತಿ.

ಅಂದಹಾಗೆ, ಆ ವಿಮಾನದವರಿಗೆ ಆಕಾಶದಲ್ಲೇ ಕಳೆದುಹೋದ ಜನವರಿ 10 ಭಾನುವಾರವಾಗಿತ್ತು. ನಮ್ಮೂರಿಗೆ ಅಮೆರಿಕದಿಂದ ಫೋನ್ ಬರುವುದು ಭಾನುವಾರ.