ಪಡುಗಡಲಿನ ಅಪರಿಚಿತ ಬೆಳಕುಗಳು: ಸಾಧ್ಯವಾದಷ್ಟು ದಡದಲ್ಲೇ ಕುಳಿತು ಮಾಡಿದ ಒಂದು ತೌಲನಿಕ ಅಧ್ಯಯನ

ಶಿರೂರಿನಿಂದ ಕೋಡಿಬೆಂಗ್ರೆಯವರೆಗಿನ ಕಡಲಿನ ಮೇಲೆ ಇರುಳು ಹೊತ್ತು ಕಾಣಿಸಿಕೊಳ್ಳುವ ಬೆಳಕುಗಳ ಕುರಿತು ಈವರೆಗೆ ನಡೆದಿರುವ ಚರ್ಚೆಯೆಲ್ಲ ಮೀನು ಏಲಂ ಆಗುವಲ್ಲಿ, ಚಾದಂಗಡಿಯಲ್ಲಿ, ಹರಿದ ಬಲೆ ಕಟ್ಟುತ್ತ ಕೂತವರ ನಡುವೆ ನಡೆದದ್ದು. ಅಡಿಟಿಪ್ಪಣಿ ಇಲ್ಲದ ಚರ್ಚೆಗೆ ವಿದ್ವತ್ ವಲಯದಲ್ಲಿ ಕಿಮ್ಮತ್ತಿಲ್ಲ. ಈ ಪ್ರಬಂಧದಲ್ಲೂ ಅಡಿಟಿಪ್ಪಣಿ ಇಲ್ಲ. ಆದರೆ ಪ್ರಬಂಧಕಾರನಿಗೆ ಕನ್ನಡಕವಿದೆ.

ಅಧ್ಯಯನದ ವ್ಯಾಪ್ತಿ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಆಕಾಶಕ್ಕೆ ಸೀಮಿತ. ನೆಲಕ್ಕೆ ಗಡಿಕಲ್ಲುಗಳಿವೆ, ಆಕಾಶದ ಸರ್ವೆ ಇನ್ನೂ ಆಗಿಲ್ಲ. ಹೀಗಾಗಿ ಕೊಡೇರಿಯ ನೇರಕ್ಕೆ ಹೊತ್ತಿಕೊಂಡು ಗಂಗೊಳ್ಳಿಯ ನೇರಕ್ಕೆ ಆರಿಹೋಗುವ ಬೆಳಕನ್ನು ಯಾವ ತಾಲ್ಲೂಕಿನ ಖಾತೆಗೆ ಬರೆಯಬೇಕೆಂಬ ಜಟಿಲ ಪ್ರಶ್ನೆ ಎದ್ದಿತು. ಅದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇವೆ.

ವಿಧಾನದ ಬಗ್ಗೆ ಎರಡು ಮಾತು. ಮರವಂತೆಯಲ್ಲಿ ಸೌಪರ್ಣಿಕೆಗೂ ಹೆದ್ದಾರಿಗೂ ಬೆನ್ನು ಹಾಕಿ ಮರಳಿನ ಮೇಲೆ ಕೂತವನ ಕಣ್ಣಿಗೆ ದಿಗಂತ ಸುಮಾರು 3.2 ಕಿ.ಮೀ. ದೂರದಲ್ಲಿರುತ್ತದೆ. ಎದ್ದು ನಿಂತರೆ 4.5 ಕಿ.ಮೀ. ಅಂದರೆ ಎದ್ದು ನಿಲ್ಲುವಷ್ಟರಿಂದಲೇ ಜ್ಞಾನ 1.3 ಕಿ.ಮೀ. ವೃದ್ಧಿಸುತ್ತದೆ, ಕೂತ ಜಾಗ ಮಾತ್ರ ಹೋಗುತ್ತದೆ. ಒಂಬತ್ತು ಮೀಟರ್ ಎತ್ತರದಲ್ಲಿ ದೀಪ ಕಟ್ಟಿದ ಬೋಟು 15 ಕಿ.ಮೀ. ದೂರದವರೆಗೆ ಕಂಡೀತು. ಅದರಾಚೆ ಇರುವುದೆಲ್ಲ ಭೂಮಿಯ ಉಬ್ಬಿನ ಮರೆಗೆ ಸರಿಯುತ್ತದೆ, ಅಲ್ಲಿಂದ ಬರುವುದು ದಿಗಂತದ ಮೇಲೊಂದು ಬಿಳಿ ಮಬ್ಬು ಮಾತ್ರ. ದಡದ ವಿದ್ವಾಂಸರ ಬಹುಪಾಲು ಸಿದ್ಧಾಂತಗಳು ಹುಟ್ಟಿರುವುದು ಈ ಮಬ್ಬಿನಲ್ಲೇ.

ಪೂರ್ವಸೂರಿಗಳಲ್ಲಿ ಅಗ್ರಗಣ್ಯ ಕೊಲಂಬಸ್. 1492ರ ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ, ಮೇಣದ ಬತ್ತಿಯನ್ನು ಎತ್ತಿ ಇಳಿಸಿದಂಥ ಬೆಳಕೊಂದು ಆತನಿಗೆ ಹಡಗಿನ ಮೇಲಿಂದ ಕಂಡಿತಂತೆ. ಕೆಲವೇ ತಾಸುಗಳ ನಂತರ ನಿಜವಾಗಿ ನೆಲ ಕಂಡು ಕೂಗಿದವನು ಒಬ್ಬ ಸಾಮಾನ್ಯ ನಾವಿಕ. ಮೊದಲು ನೆಲ ಕಂಡವನಿಗೆ ವರ್ಷಕ್ಕೆ ಹತ್ತು ಸಾವಿರ ಮರವೇದಿ ನಾಣ್ಯವೆಂದು ರಾಜಮನೆತನ ಘೋಷಿಸಿತ್ತು. ಬೆಳಕು ಮೊದಲು ಕಂಡದ್ದು ತನಗೇ ಎಂದು ಕೊಲಂಬಸ್ ಆ ಬಹುಮಾನವನ್ನು ತಾನೇ ಇಟ್ಟುಕೊಂಡ. ಯಾವ ಬೆಳಕು ಯಾರಿಗೆ ಕಾಣುತ್ತದೆ ಎಂಬುದು ಕಣ್ಣಿನ ಶಕ್ತಿಯಿಂದ ತೀರ್ಮಾನವಾಗುವುದಿಲ್ಲ ಎಂಬ ನಮ್ಮ ಮೂಲ ಪ್ರಮೇಯಕ್ಕೆ ಇದೇ ಮೊದಲ ಆಧಾರ.

ಇನ್ನು ಪ್ರಭೇದಗಳು. ಪಡುವಣದಲ್ಲಿ ಸಂಜೆ ಕಂತುವ ಶುಕ್ರನನ್ನು ವಿಚಿತ್ರ ವಸ್ತುವೆಂದು ವಾಟ್ಸ್ಆ್ಯಪ್‌ಗೆ ಹಾಕುವವರು ಘಟ್ಟದ ಮೇಲಿನಿಂದ ಬಂದ ಪ್ರವಾಸಿಗರು. ಬೆಳ್ಳಿ ಮೂಡುವುದನ್ನು ನೋಡಿ ದೋಣಿ ನೂಕಿದವರ ಮಕ್ಕಳಲ್ಲ. ಹಾಗೆಂದು ಪ್ರವಾಸಿಗರನ್ನು ಹಳಿಯುವಂತಿಲ್ಲ. ಅಮೆರಿಕದ ನೌಕಾಪಡೆಯಲ್ಲಿ ದುಡಿದು ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ 1969ರಲ್ಲಿ ಕಂಡು, 1973ರಲ್ಲಿ ಬರೆದುಕೊಟ್ಟ ಬೆಳಕೂ ಶುಕ್ರನೇ ಎಂದು ವಾದಿಸಿದವರಿದ್ದಾರೆ.

ಸಾಲಾಗಿ ಸಾಗುವ ದೀಪಗಳ ಸರದ್ದು ಸುಲಭದ ಪ್ರಕರಣ. 2019ರ ಮೇ ತಿಂಗಳಲ್ಲಿ ಒಂದೇ ರಾಕೆಟ್ಟಿನಲ್ಲಿ ಅರವತ್ತು ಸ್ಟಾರ್‌ಲಿಂಕ್ ಉಪಗ್ರಹಗಳು ಮೇಲೇರಿದಂದಿನಿಂದ ಇಂಥ ಮೆರವಣಿಗೆ ಲೋಕದ ಎಲ್ಲ ಕಡಲುಗಳ ಮೇಲೂ ಹೊರಟಿದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಕಡೆ ಫಳ್ಳೆಂದರೆ ಅದಕ್ಕೂ ವಿವರಣೆ ಇದ್ದೀತು. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಹೆಚ್ಚು ಕೇಳಬಾರದು.

ನೀರೇ ಉರಿಯುವುದು ಮಾತ್ರ ಶಾಸ್ತ್ರಕಾರನ ಮೈ ನವಿರೇಳಿಸುವಂಥದ್ದು. ಹುಟ್ಟು ಹಾಕಿದಲ್ಲೆಲ್ಲ ನೀಲಿ ಕಿಡಿ, ಬಲೆಯ ಕಣ್ಣುಕಣ್ಣಿನಲ್ಲೂ ನೀಲಿ, ಬಲೆಯೊಳಗೆ ಹೊರಳಿದ ಬಂಗುಡೆಯ ಮೈಗೂ ನೀಲಿ ಗೆರೆ. 2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆಯ ಕಡೆ ಜನ ಕಾರು ಮಾಡಿಕೊಂಡು ಹೋಗಿ ನೋಡಿದ್ದು ಇದನ್ನೇ. ಮಾಡುವುದು ನಾಕ್ಟಿಲ್ಯೂಕ ಎಂಬ, ಹೆಚ್ಚೆಂದರೆ ಸಾಸಿವೆಯ ಗಾತ್ರದ ಏಕಕೋಶ ಜೀವಿ, ಮುಟ್ಟಿದರೆ ಮಿನುಗುತ್ತದೆ. ಇದೇ ಅರಬ್ಬಿ ಕಡಲಿನ ಆ ತುದಿಯಲ್ಲಿ, ಸೊಮಾಲಿಯಾದಾಚೆ, 1995ರ ಜನವರಿ 25ರಂದು ಲಿಮಾ ಎಂಬ ಬ್ರಿಟಿಷ್ ಹಡಗಿನವರು ಕಡಲಿಗೆ ಕಡಲೇ ಹಾಲುಬಿಳುಪಾಗಿ ಹೊಳೆಯುತ್ತಿದೆ ಎಂದು ದಾಖಲಿಸಿದರು. ನಾವಿಕರ ಮಾತು, ಯಾರು ನಂಬಬೇಕು? ಹತ್ತು ವರ್ಷದ ಮೇಲೆ ವಿಜ್ಞಾನಿಗಳು ಆ ರಾತ್ರಿಯ ಉಪಗ್ರಹ ಚಿತ್ರ ತೆಗೆದು ನೋಡಿದರೆ 15,400 ಚದರ ಕಿ.ಮೀ. ಹೊಳೆಯುತ್ತಿತ್ತು. ನಾವಿಕನ ಮಾತಿಗೆ ಸಾಕ್ಷಿ ಹೇಳಲು ಎಂಟುನೂರು ಕಿಲೋಮೀಟರ್ ಮೇಲಿನಿಂದ ಯಂತ್ರವೇ ಇಣುಕಿ ನೋಡಬೇಕಾಯಿತು!

ಇಷ್ಟನ್ನೆಲ್ಲ ಕಳೆದ ಮೇಲೂ ಉಳಿಯುವ ಬೆಳಕೊಂದಿದೆ. ಈ ಪ್ರಬಂಧ ಹುಟ್ಟಿದ್ದೇ ಅದಕ್ಕಾಗಿ.

ಇದರ ಲಕ್ಷಣಗಳನ್ನು ನಾಡದೋಣಿಯವರು ಒಕ್ಕೊರಲಿನಿಂದ ವಿವರಿಸುತ್ತಾರೆ. ಬಣ್ಣ ಕಣ್ಣು ಕುಕ್ಕುವ ಬಿಳಿ. ದೂರದಿಂದ ಕಂಡರೆ ಕಡಲ ನಡುವೆ ಬಯಲಾಟದ ರಂಗಸ್ಥಳ ಕಟ್ಟಿದಂತಿರುತ್ತದೆ, ಚೆಂಡೆಯ ಬದಲು ಜನರೇಟರಿನ ಸದ್ದು. ಹತ್ತಿರ ಹೋದರೆ ನೀರಿನೊಳಗೂ ದೀಪ ಇಳಿಬಿಟ್ಟಿರುವುದು ಕಾಣುತ್ತದೆ. ಮೊದಲು ಬರಿಗಣ್ಣಿಗೆ ಕಾಣದ ಜೀವಿಗಳು ಬೆಳಕಿಗೆ ಮುತ್ತುತ್ತವೆ, ಅವನ್ನು ಹುಡುಕಿ ಕೊಲ್ಲತರು, ಅದನ್ನು ಹುಡುಕಿ ಬಂಗುಡೆ, ಬೊಂಡಾಸ. ಎಲ್ಲ ನೆರೆದ ಮೇಲೆ ಸುತ್ತಲೂ ಬಲೆ ಬೀಳುತ್ತದೆ, ಬಲೆಯ ಬಾಯಿ ಅಡಿಯಿಂದ ಬಿಗಿಯುತ್ತದೆ. ದೊಡ್ಡದು, ಮರಿ ಎಂಬ ಭೇದವಿಲ್ಲ. ಬೆಳಗ್ಗೆ ದಡದ ಸಮೀಪ ಬಲೆ ಬಿಟ್ಟವನಿಗೆ ನೀರು ಸಿಗುತ್ತದೆ.

ವರ್ತನೆಯ ದೃಷ್ಟಿಯಿಂದಲೂ ಈ ಬೆಳಕು ಗಮನಾರ್ಹ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ ಅರವತ್ತೊಂದು ದಿನ, ಇದು ಕಾಣಿಸಿಕೊಳ್ಳುವುದಿಲ್ಲ. ಅನ್ಯಗ್ರಹದವರೇ ಇದಕ್ಕೆ ಕಾರಣ ಎನ್ನುವುದಾದರೆ, ಅವರ ಗ್ರಹದಲ್ಲೂ ನಮ್ಮ ಮೀನುಗಾರಿಕೆಯ ಕ್ಯಾಲೆಂಡರ್ ಗೋಡೆಗೆ ನೇತಾಡುತ್ತಿದೆ ಎಂದು ಒಪ್ಪಬೇಕಾಗುತ್ತದೆ. ಮತ್ತೊಂದು ಗುಣ: ಗಸ್ತಿನ ದೋಣಿ ದಡ ಬಿಡುವ ಸುದ್ದಿ ದೋಣಿಗಿಂತ ಮೊದಲೇ ಅಲ್ಲಿಗೆ ತಲುಪಿ ಬೆಳಕು ಆರುತ್ತದೆಯಂತೆ. ಬೆಳಕಿಗಿಂತ ವೇಗವಾಗಿ ಯಾವುದೂ ಚಲಿಸದು ಎಂದ ಐನ್‌ಸ್ಟೈನ್ ಗಂಗೊಳ್ಳಿಗೆ ಬಂದವರಲ್ಲ.

ಶಾಸ್ತ್ರೀಯ ತೊಡಕು ಇರುವುದು ಮುಂದೆ. 2017ರ ನವೆಂಬರ್ 10ರಂದು ಕೇಂದ್ರ ಸರ್ಕಾರ ಎಲ್‌ಇಡಿ ಮುಂತಾದ ಕೃತಕ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಿತು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗಿನ ಮೀನುಗಾರಿಕೆ ರಾಜ್ಯದ ಜವಾಬ್ದಾರಿ, ಆಚೆ 200ರವರೆಗೆ ಕೇಂದ್ರದ್ದು. ನಿಷೇಧವಿರುವುದರಿಂದ ಅಂಥ ಬೆಳಕು ಇರಲಾರದು. ಇರಲಾರದ ಬೆಳಕು ಕಂಡರೆ ಅದು ಅಪರಿಚಿತವೇ ಆಗಿರಬೇಕು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸುವುದನ್ನು ನಮ್ಮ ತರ್ಕಶಾಸ್ತ್ರ ಕಲಿಸಿತು. ಇಲ್ಲಿ ಬೆಂಕಿಯೇ ಕಾಣುತ್ತಿದೆ. ಹೊಗೆ ಎಲ್ಲಿ, ಲಿಖಿತವಾಗಿ ಕೊಡಿ ಎನ್ನುತ್ತಾರೆ. ಹೊಗೆ ತಂದುಕೊಟ್ಟರೆ ಅದು 22 ಕಿ.ಮೀ. ಒಳಗಿನ ಹೊಗೆಯೋ ಹೊರಗಿನದೋ ಎಂಬ ಪ್ರಶ್ನೆ ಕಾದಿರುತ್ತದೆ.

ಬೆಳಕಿನ ಬೋಟಿನವರನ್ನು ರಕ್ಕಸರೆಂದು ಚಿತ್ರಿಸುವುದು ಪ್ರಬಂಧಕಾರನ ಉದ್ದೇಶವಲ್ಲ. ಅವರಿಗೂ ಡೀಸೆಲಿನ ಬಾಕಿ, ಬ್ಯಾಂಕಿನ ಕಂತು ಇದೆ. ಪಕ್ಕದವನು ದೀಪ ಹಾಕಿದ, ತಾನೂ ಹಾಕಿದ. ಇಡೀ ಕರಾವಳಿಯಲ್ಲಿ ದೀಪ ಹಾಕಿದವರೆಲ್ಲ ಹೇಳುವುದು ಪಕ್ಕದವನ ಕಥೆಯನ್ನೇ. ಆ ಮೊದಲ ಪಕ್ಕದವನೇ ಪ್ರಾಯಶಃ ಅನ್ಯಗ್ರಹದವನು.

ಕ್ಷೇತ್ರಕಾರ್ಯವಿಲ್ಲದ ಪ್ರಬಂಧ ಅಪೂರ್ಣವೆಂಬ ಆಕ್ಷೇಪಕ್ಕೆ ಹೆದರಿ, ಕೊನೆಗೆ ಬಂದರಿನಲ್ಲಿ ಹಗ್ಗ ಸುತ್ತುತ್ತಿದ್ದ ಹಿರಿಯ ತಾಂಡೇಲರೊಬ್ಬರ ಬಳಿ ನೇರವಾಗಿ ಪ್ರಶ್ನೆ ಇಡಲಾಯಿತು. ಅವರು ಹಗ್ಗ ಬಿಡದೆ, ಪ್ರಬಂಧಕಾರನ ಇಸ್ತ್ರಿ ಹಾಕಿದ ಅಂಗಿಯನ್ನೂ ಕೈಯ ಫೈಲನ್ನೂ ಒಮ್ಮೆ ನೋಡಿದರು.

“ಅದ್ ಎಂತ ಅಂದ್ ನಂಗ್ ಗೊತ್ತಿತ್ತ್ ಮರ್ರೆ. ಆರೆ ನೀವ್ ಯಾವ್ ಇಲಾಖಿಯರ್ ಅಂದ್ ಮೊದ್ಲ್ ಹೇಳಿ.”